ಗಾಳಿ ಯಾಕ ನಿಂತಿತ್ತು?

ಭಾವನವರ ಬೇಳೆ ಪ್ಯಾಕಿಂಗಿನಲ್ಲಿ ಬಿಸಿ ಗಾಳಿ ಊದುವ ಹೀಟ್ ಗನ್ ಕೈಕೊಟ್ಟಿದ್ದು ಸೋಮವಾರ. ಫ್ಯಾನ್ ತಿರುಗುತ್ತದೆ, ಗಾಳಿ ಬರುತ್ತದೆ, ಆದರೆ ತಣ್ಣಗೆ. ಪೊಟ್ಟಣದ ಮೇಲಿನ ಪ್ಲಾಸ್ಟಿಕ್ ಮುದುಡಲೊಲ್ಲದು. ಭಾವ ಆಗಲೇ ತೀರ್ಪು ಕೊಟ್ಟಾಗಿತ್ತು: "ಆ ಹುಡುಗ ಕೆಳಗ ಒಗದಾನ." ಪ್ಯಾಕಿಂಗ್ ಕೆಲಸದ ಹುಡುಗ ಇಲ್ಲರಿ ಅಂದ. ಕೇಳುವವರು ಯಾರು? ಭಾವ ಕೆಟ್ಟವರಲ್ಲ, ಹಬ್ಬ ಬಂದರೆ ಕೆಲಸದವರಿಗೆಲ್ಲ ಬಟ್ಟೆ ಕೊಡಿಸುತ್ತಾರೆ. ಆದರೆ ಏನೇ ಕೆಟ್ಟರೂ ಮೊದಲು ಕೆಡಿಸಿದವರನ್ನು ಹುಡುಕುವ ಚಾಳಿ.

ಅಂಗಡಿಯವ ಹೊಸಾದು ತಗೋರಿ ಅಂದ. ಅವನನ್ನು ಬಿಟ್ಟು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಗಲ್ಲಿಯಲ್ಲಿ ಮಿಕ್ಸಿ, ಡ್ರಿಲ್ ರಿಪೇರಿ ಮಾಡುವ ಚಾಚಾ ಹತ್ತಿರ ಹೋದೆವು. ಹುಡುಗನೂ ಬಂದಿದ್ದ. ಚಾಚಾನ ಬಾಯಿ ಬಲು ಖಾರ, ಮಜೂರಿಯೂ ಕಡಿಮೆಯಲ್ಲ. ಸ್ಕ್ರೂ ಬಿಚ್ಚಿ ನಳಿಗೆಯೊಳಗಿಂದ ಕಾಯುವ ಎಲಿಮೆಂಟ್ ಎಳೆದರು. ಅದಕ್ಕೆ ಮೀಟರ್ ಹಚ್ಚಿ ನೋಡಿದರು, ಮುಳ್ಳು ಅಲುಗಲಿಲ್ಲ. ಅಭ್ರಕದ ಹಾಳೆಗೆ ಸುತ್ತಿದ ನೈಕ್ರೋಮ್ ತಂತಿ ಒಂದೇ ಕಡೆ ಹರಿದು, ಎರಡೂ ತುದಿ ಕರಗಿ ಗುಂಡಗಾಗಿದ್ದವು.

ಚಾಚಾ ತಂತಿ ನೋಡಿದ್ದು ಅಷ್ಟೇ. ತಲೆ ಎತ್ತಿ ಕೇಳಿದರು:

"ಗಾಳಿ ಯಾಕ ನಿಂತಿತ್ತು, ಸಾವ್ಕಾರ್ರ?"

"ಗಾಳಿ ಎಲ್ಲಿ ನಿಂತದ ಚಾಚಾ? ಕಾಯಿಲ್ ಸುಟ್ಟದ. ಈ ಹುಡುಗ ಒಗದಾನ."

"ಕಾಯಿಲ್ ಸುಟ್ಟದ್ದು ನನಗೂ ಕಾಣ್ತದ. ಗಾಳಿ ಯಾಕ ನಿಂತಿತ್ತು ಹೇಳ್ರಿ."

ಉತ್ತರಕ್ಕೆ ಕಾಯದೆ, ಗಾಳಿ ಒಳಗೆಳೆಯುವ ಹಿಂದಿನ ಜಾಳಿಗೆ ಬಿಚ್ಚಿ ಪೇಪರ್ ಮೇಲೆ ಬಡಿದರು. ಹಿಡಿ ತುಂಬ ತೊಗರಿ ಹೊಟ್ಟಿನ ಧೂಳು. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ತೊಗರಿಯದೇ! ಹುಡುಗ ಭಾವನ ಮಾರಿ ನೋಡಿದ. ಭಾವ ಮೊಬೈಲ್ ನೋಡಿದರು. ಆ ಎರಡು ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ನೈಕ್ರೋಮ್ ಅಂದರೆ ನಿಕಲ್ 80, ಕ್ರೋಮಿಯಂ 20ರ ಆಸುಪಾಸು. ಕೆಂಪಗೆ ಕಾದಾಗ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆ ಕಟ್ಟಿಕೊಂಡು ತನ್ನನ್ನು ತಾನೇ ಕಾಯುತ್ತದೆ. ಕರಗಬೇಕಾದರೆ 1400 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಬೇಕು. ಬೀಸುವ ಗಾಳಿ ಶಾಖ ಒಯ್ಯುವತನಕ ಅಷ್ಟು ದೂರ ಹೋಗುವುದಿಲ್ಲ. ಜಾಳಿಗೆ ಕಟ್ಟಿತೋ, ಶಾಖ ಅಲ್ಲೇ ಕೂಡುತ್ತದೆ.

ಭಾವ ಸೋಲುವವರಲ್ಲ. "ಎರಡು ತುದಿ ಹೊಸೆದು ಬೆಸುಗಿ ಹಚ್ಚಿ ಬಿಡ್ರಿ" ಅಂದರು. ಚಾಚಾ ನಕ್ಕರು. ಬೆಸುಗೆಯ ತವರ 200 ಡಿಗ್ರಿಯ ಆಸುಪಾಸಿಗೇ ನೀರಾಗುತ್ತದೆ, ಕೆಂಪು ಕಾಯುವ ತಂತಿಯ ಮೇಲೆ ಎಲ್ಲಿ ನಿಂತೀತು? ಬರೀ ಹೊಸೆದರೆ ಆ ಗಂಟೇ ಹೆಚ್ಚು ಕಾದು ಮತ್ತೆ ಹರಿಯುತ್ತದೆ. ಸುಟ್ಟ ಭಾಗ ಕತ್ತರಿಸಿ ಗಿಡ್ಡ ಮಾಡಿದರೆ ಓಮ್, ಅಂದರೆ ತಂತಿಯ ತಡೆ, ಇಳಿದು ಕರೆಂಟ್ ಏರುತ್ತದೆ. 2000 ವ್ಯಾಟಿನ ಯಂತ್ರ, 230 ವೋಲ್ಟ್. ಲೆಕ್ಕಕ್ಕೆ 26 ಓಮ್ ಬರಬೇಕು. ಚಾಚಾ ಅದೇ ದಪ್ಪದ ತಂತಿ ಅಳೆದು, ಅಷ್ಟು ಬರುವತನಕ ಸುತ್ತಿ, ತುದಿಗಳನ್ನು ತಗಡಿನ ಸಣ್ಣ ಕೊಳವೆಯಲ್ಲಿ ಒತ್ತಿ ಕೂಡಿಸಿದರು.

ಅವತ್ತಿಂದ ಎಲ್ಲಿ ನೋಡಿದರೂ ನನಗೆ ಇದೇ ಪ್ರಶ್ನೆ. ನಮ್ಮ ಹಳ್ಳಿ ಕಡೆ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟರೆ ರೈತರು ರೊಕ್ಕ ಕೂಡಿಸಿ, ಟ್ರ್ಯಾಕ್ಟರ್ ಕಟ್ಟಿ ಬೇರೆ ಟಿಸಿ ತರುತ್ತಾರೆ. ಹಳೆಯದಕ್ಕೆ ತಾಳಲಾರದಷ್ಟು ಪಂಪ್‌ಸೆಟ್ ಹಚ್ಚಿದ್ದೆವು ಎಂದು ಎಲ್ಲರಿಗೂ ಗೊತ್ತು. ಅಷ್ಟನ್ನೂ ಹೊಸದಕ್ಕೆ ಹಚ್ಚುತ್ತಾರೆ. ಅದು ಸುಟ್ಟಾಗ ಲೈನ್‌ಮನ್ ಜೊತೆ ಜಗಳ. ಲೈನ್‌ಮನ್ನೂ ಸಾಚಾ ಅಲ್ಲ, ಆ ಮಾತು ಬೇರೆ. ಮನೆಯಲ್ಲೂ ಹೀಗೇ. ಮಗ ಫೇಲಾದ ಅಂತ ಬಡಿಯುತ್ತೇವೆ. ಆರು ತಿಂಗಳಿಂದ ಅವನು ಯಾರ ಜೊತೆಗೂ ಮಾತಾಡಿಲ್ಲ ಅನ್ನುವುದು ಆಮೇಲೆ ನೆನಪಾಗುತ್ತದೆ.

ಭಾವ ಹುಡುಗನಿಗೆ ತಪ್ಪಾಯ್ತು ಅನ್ನಲಿಲ್ಲ. ವಾಪಸ್ ಬರುವಾಗ ಭಜಿ ಕೊಡಿಸಿದರು. ಅವರ ಮಟ್ಟಿಗೆ ಅದೇ ದೊಡ್ಡದು.

ನಿನ್ನೆ ಪ್ಯಾಕಿಂಗ್ ಕಡೆ ಹೋದರೆ ಗನ್ ಚಲೋ ನಡೆದಿತ್ತು. ಆದರೆ ಧೂಳು ಒಳಗೆ ಹೋಗಬಾರದು ಅಂತ ಭಾವ ಹಿಂದಿನ ಜಾಳಿಗೆಗೆ ಎರಡು ಮಡಿಕೆ ಕರ್ಚೀಫ್ ಬಿಗಿದು ಕಟ್ಟಿಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಅಂದ: "ನಾ ಹೇಳೀನ್ರಿ. ಕೇಳವಲ್ರು."