ಟ್ಯೂಬಿಂಗೆನ್ನಿನಲ್ಲಿ ಬೆಂಚು ಬಡಿಯುವವರು

ನಮ್ಮ ಕನ್ನಡದ ಸರ್ ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ವಾರವೇ ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕರ ಫೋನ್ ಬಂತು. ವಿದೇಶದಲ್ಲಿ ಓದುವ ಬಗ್ಗೆ ಮಕ್ಕಳಿಗೆ ಮಾರ್ಗದರ್ಶನ ಆಗುವ ಹಾಗೆ ಏನಾದರೂ ಬರೆದುಕೊಡಿ ಎಂದರು. ಮಾರ್ಗದರ್ಶನಕ್ಕೆ ನಾನು ಆಗಿಬರುವವನಲ್ಲ. 2012ರ ಅಕ್ಟೋಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿಗೆ ಬಯೋಕೆಮಿಸ್ಟ್ರಿ ಓದಲು ಹೋದೆ, ಪಾಸಾಗಿ ಬಂದೆ. ಅಲ್ಲಿ ಯಾವ ಯಾವ ಪೇಪರ್ ಇತ್ತು ಎಂದು ಕೇಳಿದರೆ ಈಗ ಮಾರ್ಕ್ಸ್ ಕಾರ್ಡ್ ಹುಡುಕಬೇಕು. ನೆನಪಿನಲ್ಲಿ ಗಟ್ಟಿಯಾಗಿ ಕೂತವರು ಇಬ್ಬರು ಮೇಷ್ಟ್ರುಗಳು: ಇಲ್ಲಿಯವರೊಬ್ಬರು, ಅಲ್ಲಿಯವರೊಬ್ಬರು.

ಸರ್ ನಮಗೆ ಪಾಠ ಮಾಡುತ್ತಿದ್ದದ್ದು ಊಟದ ನಂತರದ ಮೊದಲ ಪೀರಿಯಡ್. ಬಿ.ಎಸ್ಸಿ.ಯವರಿಗೆ ಕನ್ನಡ ಎಂದರೆ ನಿದ್ದೆ ಇಲ್ಲವೇ ಗಲಾಟೆ. ಹಿಂದಿನ ಬೆಂಚಿನಲ್ಲಿ ಒಬ್ಬ ಬಡಿಯಲು ಶುರು ಮಾಡಿದರೆ ಮೂರು ಸಾಲು ಮುಂದಿನವರೆಗೂ ಹಬ್ಬುತ್ತಿತ್ತು. ಬೇರೆ ಲೆಕ್ಚರರುಗಳು ಸಿಟ್ಟಿನಿಂದ ಹಾಜರಿ ಪುಸ್ತಕ ಎತ್ತಿಕೊಂಡು ಹೊರಡುತ್ತಿದ್ದರು. ಇವರು ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವರು. ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ, "ಚೆಂಡೆ ತಪ್ಪುತ್ತಿದೆ ಮಾರಾಯ, ಕಡೇ ಬೆಂಚಿನವನೇ, ನೀನು ಒಬ್ಬನೇ ಬಾರಿಸು, ಉಳಿದವರು ಸುಮ್ಮನಿರಿ" ಎನ್ನುತ್ತಿದ್ದರು. ಒಬ್ಬನೇ ಬಡಿಯುವ ಧೈರ್ಯ ಯಾರಿಗಿತ್ತು? ಆಮೇಲೆ ಕೌರವನ ಪಾತ್ರ ಹಿಡಿದರೆಂದರೆ ಬೆಲ್ ಹೊಡೆದದ್ದೂ ಗೊತ್ತಾಗುತ್ತಿರಲಿಲ್ಲ.

ನಾನು ಜರ್ಮನಿಗೆ ಹೊರಟೆ ಎಂದಾಗ ಮನೆಯವರು ಚಳಿಯ ಬಗ್ಗೆ, ಬಂಧುಗಳು ಸಂಬಳದ ಬಗ್ಗೆ ಕೇಳಿದರು. ಊರಿನ ಹೆಸರು ಕೇಳಿದ್ದು ಸರ್ ಒಬ್ಬರೇ. ಹೇಳಿದೊಡನೆ ಕುರ್ಚಿಯಿಂದ ಎದ್ದರು. "ನೀನು ಹೋಗುವುದು ಕಿಟ್ಟೆಲರು ಕಣ್ಣು ಮುಚ್ಚಿದ ಊರಿಗೆ, ಗೊತ್ತುಂಟಾ?" ನನಗೆ ಗೊತ್ತಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನ ಕಿಟ್ಟೆಲ್. 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಪ್ರತಿ ತಿಂಗಳು ಕಾಗದ ಬರೆಯಬೇಕು, ಇಮೇಲ್ ಅಲ್ಲ, ಕಾಗದ ಎಂದು ಅಪ್ಪಣೆಯಾಯಿತು. ಬರೆದೆ. ಉತ್ತರದ ಜೊತೆ ನನ್ನ ಕಾಗದವೂ ವಾಪಸು ಬಂತು, ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು.

ಟ್ಯೂಬಿಂಗೆನ್ನಿನಲ್ಲಿ ಮೊದಲ ಕ್ಲಾಸು ಒಂಬತ್ತಕ್ಕೆ ಎಂದು ಪಟ್ಟಿಯಲ್ಲಿತ್ತು. ಜರ್ಮನ್ನರ ಸಮಯಪಾಲನೆಯ ಬಗ್ಗೆ ಕೇಳಿ ಕೇಳಿ ಹೆದರಿದ್ದ ನಾನು ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಕೂತೆ. ಲೆಕ್ಚರ್ ಹಾಲಿನಲ್ಲಿ ನರಪಿಳ್ಳೆ ಇಲ್ಲ. ಒಂಬತ್ತೂ ಹನ್ನೆರಡರ ಹೊತ್ತಿಗೆ ಕಾಫಿ ಕಪ್ಪು ಹಿಡಿದು ಒಬ್ಬೊಬ್ಬರೇ ಬಂದರು. ಒಂಬತ್ತೂ ಕಾಲಿಗೆ ಸರಿಯಾಗಿ ಪ್ರೊಫೆಸರ್ ಬಂದರು. ವೇಳೆಯ ಮುಂದೆ ‘ಸಿ.ಟಿ.’ ಎಂದಿದ್ದರೆ ಕಾಲು ಗಂಟೆ ತಡವಾಗಿ ಶುರು ಎಂದರ್ಥವಂತೆ, ವಿಶ್ವವಿದ್ಯಾಲಯಗಳ ಹಳೆಯ ರೂಢಿ. ಈ ವಿಶ್ವವಿದ್ಯಾಲಯ 1477ರದ್ದು, ರೂಢಿಗಳಿಗೇನು ಕೊರತೆ!

ಆ ಪಾಠ ಮುಗಿದ ಕ್ಷಣ ಇಡೀ ಹಾಲು ಬೆಂಚು ಬಡಿಯತೊಡಗಿತು. ನನ್ನ ಎದೆ ಧಸಕ್ಕೆಂದಿತು. ಬೆರಳ ಗೆಣ್ಣಿನಿಂದ ಟಕಟಕಟಕ, ಎಲ್ಲರೂ, ಮುಂದಿನ ಸಾಲಿನ ಕನ್ನಡಕದ ಹುಡುಗಿಯರೂ! ಪ್ರೊಫೆಸರ್ ಮಾತ್ರ ತಲೆ ಬಾಗಿಸಿ, ನಸುನಕ್ಕು, ಕಾಗದ ಜೋಡಿಸಿಕೊಂಡು ಹೊರಟರು. ಅಲ್ಲಿ ಮೇಷ್ಟ್ರಿಗೆ ಚಪ್ಪಾಳೆಯಿಲ್ಲ, ಬೆಂಚು ಬಡಿಯುವುದೇ ಗೌರವ. ಇದನ್ನು ಸರ್‌ಗೆ ಬರೆದೆ. ಉತ್ತರ ಹೀಗಿತ್ತು: "ನಿನ್ನ ಕಾಗದವನ್ನು ಕ್ಲಾಸಿನಲ್ಲಿ ಓದಿ ಹೇಳಿದೆ. ಈಗ ದುಪ್ಪಟ್ಟು ಬಡಿಯುತ್ತಿದ್ದಾರೆ. ಗೌರವವಂತೆ."

ಪ್ರೊಫೆಸರ್ ವಿಭಾಗ ಇದ್ದದ್ದು ಮೋರ್ಗೆನ್‌ಸ್ಟೆಲ್ಲೆ ಎಂಬ ಗುಡ್ಡದ ಮೇಲೆ. ಅರವತ್ತು ದಾಟಿದ್ದ ಅವರು ಸೈಕಲ್ಲಿನಲ್ಲಿ ಏರು ಹತ್ತಿ ಬರುತ್ತಿದ್ದರು. ನಾವು ಬಸ್ಸಿನಿಂದ ಇಳಿದು ಏದುಸಿರು ಬಿಡುತ್ತಿದ್ದೆವು. ಪ್ರೋಟೀನ್ ಶುದ್ಧಿ ಮಾಡುವ ಕೆಲಸ ನನ್ನದು, ಅದೂ 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ. ಜನವರಿಯಲ್ಲಿ ಹೊರಗಿಗಿಂತ ಆ ಕೋಣೆಯೇ ಬೆಚ್ಚಗಿರುತ್ತಿತ್ತು. ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಜೆಲ್ ಮೇಲೆ ನನ್ನ ಪ್ರೋಟೀನಿನ ಪಟ್ಟೆ ಮೊದಲ ಸಲ ನೀಟಾಗಿ ಬಂದ ದಿನ ಓಡಿಹೋಗಿ ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಇನ್ನೊಮ್ಮೆ."

ಮುಖ ಸಪ್ಪೆ ಮಾಡಿಕೊಂಡವರನ್ನೆಲ್ಲ ಅವರು ಊರ ಕೋಟೆಯ ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿನ ಹಳೆಯ ಅಡುಗೆಮನೆಯೇ ಒಂದು ಕಾಲಕ್ಕೆ ಲ್ಯಾಬು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಬಾಸೆಲ್ಲಿನ ಹುಡುಗ, ಆಸ್ಪತ್ರೆಯಿಂದ ತಂದ ಕೀವಿನ ಬ್ಯಾಂಡೇಜು ತೊಳೆದು, ಬಿಳಿ ರಕ್ತಕಣಗಳ ನ್ಯೂಕ್ಲಿಯಸ್ಸಿನಿಂದ ಹೊಸದೊಂದು ವಸ್ತು ತೆಗೆದ. ಇವತ್ತು ನಾವು ಡಿಎನ್‌ಎ ಎನ್ನುವುದು ಅದನ್ನೇ. ಆದರೆ ಅವನ ಗುರು ಹೊಪ್ಪೆ-ಜೈಲರ್ ಒಡನೆ ಅಚ್ಚಿಗೆ ಕಳಿಸಲಿಲ್ಲ. ಪ್ರಯೋಗವನ್ನು ಸ್ವತಃ ಮಾಡಿ ನೋಡಿ ಖಾತ್ರಿಯಾದ ಮೇಲೆಯೇ, 1871ರಲ್ಲಿ, ಪ್ರಕಟವಾದದ್ದು. ಇಷ್ಟು ಹೇಳಿ ಪ್ರೊಫೆಸರ್ ನನ್ನ ಕಡೆ ತಿರುಗಿ, "ನಿನ್ನನ್ನು ನಾನು ಎರಡು ವರ್ಷ ಕಾಯಿಸಿಲ್ಲ" ಎಂದರು. ಇಳಿದು ಬರುವಾಗ ತಾವೇ ದುಡ್ಡು ಕೊಟ್ಟು ಕಾಫಿ ಕುಡಿಸಿದರು. ಆ ಬ್ಯಾಚಿನಲ್ಲಿ ಅವರು ಕಾಫಿ ಕೊಡಿಸಿದ್ದು ನನಗೊಬ್ಬನಿಗೇ. ಬೇಕಾದರೆ ಜೊತೆಯವರನ್ನು ಕೇಳಬಹುದು.

ಕಿತಾಪತಿಯ ವಿಷಯ ಬರೆಯದಿದ್ದರೆ ಧಾರವಾಡದ ಗೆಳೆಯ ಬಿಡುವುದಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದೆವು. ಆ ಸ್ವಾಬಿಯಾ ಸೀಮೆಯಲ್ಲಿ ಕೇರ್‌ವೋಖೆ ಎಂದೊಂದು ಕಟ್ಟುಪಾಡಿದೆ. ಮೆಟ್ಟಿಲು, ಮನೆಮುಂದಿನ ಫುಟ್‌ಪಾತು ಗುಡಿಸುವ ಸರದಿ ವಾರಕ್ಕೊಬ್ಬರದು; ಯಾರ ಬಾಗಿಲಿಗೆ ಫಲಕ ತೂಗುತ್ತದೋ ಅವರ ವಾರ. ಹಿಮ ಬಿದ್ದರೆ ಅದನ್ನೂ ಎತ್ತಿಹಾಕಬೇಕು. "ಲೇ, ಈ ಚಳ್ಯಾಗ ಯಾವಾಂವ ಏಳ್ತಾನ?" ಎಂದ ಗೆಳೆಯ, ರಾತ್ರಿ ಸಾಕ್ಸಿನಲ್ಲೇ ಇಳಿದು ಫಲಕವನ್ನು ಕೆಳಗಿನ ದೇವತಾಶಾಸ್ತ್ರದ ವಿದ್ಯಾರ್ಥಿಯ ಬಾಗಿಲಿಗೆ ತೂಗಿಹಾಕಿ ಬಂದ. ಪುಣ್ಯಾತ್ಮ ಬೆಳಗ್ಗೆ ಎದ್ದು ತುಟಿಪಿಟಕ್ಕೆನ್ನದೆ ಗುಡಿಸಿದ. ಇದು ಕ್ರಿಸ್‌ಮಸ್ ದಾಟಿಯೂ ನಡೆಯಿತು. ಕೊನೆಗೊಂದು ದಿನ ಅವನೇ ಮೇಲೆ ಬಂದ. ಬೈಯಲಿಲ್ಲ. ಗ್ರಾಫ್ ಕಾಗದದ ಮೇಲೆ ಇಡೀ ವರ್ಷದ ವಾರಗಳನ್ನು ಸ್ಕೇಲಿಟ್ಟು ಬರೆದು ತಂದಿದ್ದ. ಗುಡಿಸಿದವರು ಸಹಿ ಮಾಡಲು ಒಂದು ಕಾಲಂ ಬೇರೆ. ಚಹಾ ಕುಡಿಸಿ ಸಮಾಧಾನ ಮಾಡಿದೆವು. ಅವನು ಓದುತ್ತಿದ್ದದ್ದು ಅಲ್ಲಿನ ಹೆಸರಾಂತ ಪಾದ್ರಿಗಳ ಶಾಲೆ ‘ಸ್ಟಿಫ್ಟ್’ನಲ್ಲಿ, ತತ್ತ್ವಜ್ಞಾನಿ ಹೆಗೆಲ್, ಕವಿ ಹೋಲ್ಡರ್ಲಿನ್ ಓದಿದ ಜಾಗ. ಅಲ್ಲೇ ಓದಿದ ಮೋಗ್ಲಿಂಗ್ ಎಂಬವರು 1843ರಲ್ಲಿ ನಮ್ಮ ಭಾಷೆಯ ಮೊದಲ ಪತ್ರಿಕೆ ಹೊರಡಿಸಿದರು ಎಂದೆ. ಅವನು ಕೇಳಿಯೇ ಇರಲಿಲ್ಲ. ಸರ್ ಪಾಠ ಕೇಳಿದವನಾದ್ದರಿಂದ ‘ಮಂಗಳೂರ ಸಮಾಚಾರ’ದ ಬಗ್ಗೆ ಅರ್ಧ ಗಂಟೆ ಕೊರೆದೆ. ಮರುವಾರ ಫಲಕ ನಮ್ಮ ಬಾಗಿಲಲ್ಲೇ ಇತ್ತೆನ್ನಿ.

ಈಗ ಕಾಲೇಜಿನ ಹುಡುಗರು ಫೋನ್ ಮಾಡುತ್ತಾರೆ. ವೀಸಾಕ್ಕೆ ಖರ್ಚಿನ ದುಡ್ಡು ಕಟ್ಟಿಡುವ ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕೆ 11,904 ಯೂರೋ ತೋರಿಸಬೇಕಲ್ಲ ಸರ್, ಪಾರ್ಟ್‌ಟೈಮ್ ಸಿಗುತ್ತದಾ, ಅಲ್ಲೇ ನೆಲೆಸಲು ಪಿ.ಆರ್. ಯಾವಾಗ? ಅವರನ್ನು ದೂರಿ ಪ್ರಯೋಜನವಿಲ್ಲ. ನಾನು ಹೋದಾಗ ಆ ರಾಜ್ಯದಲ್ಲಿ ಶುಲ್ಕವೇ ಇರಲಿಲ್ಲ. 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿದ್ದಾರೆ. ಸಾಲ ಮಾಡಿ ಹೋಗುವವನು ಲೆಕ್ಕ ಕೇಳದೆ ಇನ್ನೇನು ಕೇಳಿಯಾನು? ನನ್ನ ತಕರಾರು ಇಷ್ಟೇ: ಏಜೆಂಟ್ ಹೇಳಿದ ಊರಿಗೆ ಅರ್ಜಿ ಹಾಕುತ್ತಾರೆ, ಅಲ್ಲಿ ಪಾಠ ಮಾಡುವವರು ಯಾರು ಎಂದು ಒಬ್ಬರಾದರೂ ನೋಡಿರುವುದಿಲ್ಲ. ನಮ್ಮ ಕಾಲೇಜಿನಲ್ಲೂ ಈಗ ನೋಟ್ಸ್ ಪಿಡಿಎಫ್‌ನಲ್ಲಿ ಬರುತ್ತದಂತೆ. ಕೌರವನಿಗೆ ಪಿಡಿಎಫ್‌ನಲ್ಲಿ ಜಾಗ ಎಲ್ಲಿ?

ಕಳೆದ ವರ್ಷ ಒಬ್ಬ ಹುಡುಗಿ ಮಾತ್ರ ಬೇರೆ ಥರ ಕೇಳಿದಳು: "ಸರ್, ಅಲ್ಲಿ ಭಾನುವಾರ ಏನು ಮಾಡುವುದು?" ಅಂಗಡಿ ಬಾಗಿಲೆಲ್ಲ ಮುಚ್ಚಿರುತ್ತದೆ, ಹಾಲು ಬ್ರೆಡ್ಡು ಶನಿವಾರವೇ ತಂದಿಟ್ಟುಕೋ ಎಂದೆ. ನೆಕ್ಕರ್ ನದಿಯ ದಂಡೆಯಲ್ಲಿ ನಡೆ, ಜೂನಿನಲ್ಲಾದರೆ ಉದ್ದ ಕೋಲು ಊರಿ ನಡೆಸುವ ದೋಣಿಗಳ ಪಂದ್ಯ ಇರುತ್ತದೆ, ಸೋತ ತಂಡಕ್ಕೆ ಎಲ್ಲರೆದುರು ಮೀನೆಣ್ಣೆ ಕುಡಿಸುತ್ತಾರೆ, ತಪ್ಪಿಸಬೇಡ. ಕೋಟೆ ಹತ್ತಿ ಆ ಅಡುಗೆಮನೆ ನೋಡು, 2015ರಿಂದ ಅದನ್ನು ಮ್ಯೂಸಿಯಂ ಮಾಡಿದ್ದಾರೆ. ಮತ್ತೆ, ಬಾಗಿಲಿಗೆ ಗುಡಿಸುವ ಫಲಕ ಬಂದ ದಿನ ನನಗೊಂದು ಫೋನ್ ಹಾಕು.