ಪತ್ತನಾಜೆಯ ಆಚೆಗೂ ದುಡ್ಡು ಬೇಕಲ್ವಾ
ಉಡುಪಿಯಲ್ಲಿ ಸ್ವಂತವಾಗಿ ಡಿಸೈನ್ ಕೆಲಸ ಶುರು ಮಾಡುವವರು ಮೊದಲು ಕ್ಯಾಲೆಂಡರ್ ನೋಡಿ. ನವೆಂಬರ್‌ನಿಂದ ಮೇ ತನಕ ದೇವಸ್ಥಾನದ ಬ್ರಹ್ಮಕಲಶ, ದೈವದ ಕೋಲ, ಯಕ್ಷಗಾನ, ಮದುವೆ ಅಂತ ಆಮಂತ್ರಣ ಪತ್ರಿಕೆ, ಫ್ಲೆಕ್ಸ್ ಕೆಲಸಕ್ಕೆ ಬಿಡುವೇ ಇರುವುದಿಲ್ಲ. ಪತ್ತನಾಜೆ, ಅಂದರೆ ಮೇ ಕೊನೆಗೆ ತುಳುನಾಡಿನಲ್ಲಿ ಕೋಲ, ಯಕ್ಷಗಾನದ ಸೀಸನ್ ಮುಗಿಯುವ ದಿನ, ಕಳೆದರೆ ಫೋನ್ ಬರುವುದೇ ಕಡಿಮೆ. ಮಳೆಗಾಲದ ಬಾಡಿಗೆಯನ್ನು ಸೀಸನ್‌ನಲ್ಲೇ ಎತ್ತಿಡಬೇಕು.

ಮುಂಗಡ ಕೇಳಲು ಸಂಕೋಚ ಬೇಡ. "ನಮ್ಮ ದೇವಸ್ಥಾನದ್ದೇ ಅಲ್ವಾ ಮಾರಾಯ್ರೆ" ಅಂದರೂ ನಾನು ಅರ್ಧ ದುಡ್ಡು ಬಂದ ಮೇಲೆಯೇ ಕೆಲಸ ಹಿಡಿಯುವುದು. ಸೇವೆಯಾಗಿ ಮಾಡುವುದಿದ್ದರೆ ಮೊದಲೇ ಹೇಳಿಬಿಡುತ್ತೇನೆ.

ಅಕ್ಷರದ ಮೇಲೆ ಜಾಸ್ತಿ ಕಣ್ಣಿರಲಿ. ವಾಟ್ಸಾಪ್‌ನಲ್ಲಿ ಬರುವ ಅಕ್ಷರ ಯೂನಿಕೋಡ್, ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ನುಡಿ ತಂತ್ರಾಂಶದ ಹಳೆಯ ಫಾಂಟ್; ಎರಡರ ಅಕ್ಷರ ಸಂಕೇತ ಬೇರೆ. ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪಬಹುದು. ದೈವದ ಹೆಸರು, ಮುಹೂರ್ತದ ಗಳಿಗೆ ನಾನು ಜೋರಾಗಿ ಓದಿಯೇ ನೋಡುತ್ತೇನೆ. ಪಿಡಿಎಫ್ ನೋಡಿ ಕೆಲಸ ಕೊಟ್ಟವರು 'ಸರಿ ಉಂಟು' ಅಂತ ಬರೆದು ಕಳಿಸಿದ ಮೇಲೆಯೇ ಪ್ರಿಂಟಿಗೆ.

ಜಿಎಸ್‌ಟಿ ನೋಂದಣಿಗೆ ಈಗಲೇ ಓಡಬೇಡಿ. ಸೇವೆಗಳಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ಅದು ಬೇಕು.