ದಾವೀದ ಇದ್ದನಾ?

ಬೀದರ್‌ನಲ್ಲಿ ಚಹಾದ ಜೊತೆ ವಾದ ಪುಕ್ಕಟೆ. ಇವತ್ತು ಬೈಬಲ್ ಸರದಿ, ಅದರಲ್ಲಿ ಬರುವ ರಾಜ ದಾವೀದ ನಿಜಕ್ಕೂ ಇದ್ದನಾ ಅಂತ. "ಕಾಕಾ, ಎಲ್ಲಾ ಕಟ್ಟುಕಥಿ ಅದ ರೀ" ಅಂದ ಒಬ್ಬ ಹುಡುಗ. ಅಷ್ಟು ಸುಲಭಕ್ಕೆ ತಳ್ಳಿಹಾಕೋಕೆ ಆಗಲ್ಲ. 1993ರಲ್ಲಿ ಇಸ್ರೇಲಿನ ತೆಲ್ ದಾನ್‌ನಲ್ಲಿ ಒಡೆದ ಶಾಸನದ ಕಲ್ಲೊಂದು ಸಿಕ್ಕಿತು. ಅದರಲ್ಲಿ 'ದಾವೀದನ ಮನೆತನ' ಅಂತಿದೆ ಅನ್ನುತ್ತಾರೆ ಹೆಚ್ಚಿನ ವಿದ್ವಾಂಸರು. ಬರೆಸಿದವನು ಶತ್ರು ರಾಜ, ತಾನು ಗೆದ್ದೆ ಅಂತ ಕೊಚ್ಚಿಕೊಳ್ಳೋಕೆ! ಹೊಗಳುಭಟರ ಮಾತಿಗಿಂತ ಇಂಥ ಸಾಕ್ಷಿ ಗಟ್ಟಿ, ಅಲ್ವಾ? ಹಾಗಂತ ಎಲ್ಲವೂ ನಿಜ ಅಂತಲೂ ಅಲ್ಲ. ಲಕ್ಷಗಟ್ಟಲೆ ಜನ ಈಜಿಪ್ಟ್ ಬಿಟ್ಟು ಹೊರಟರು ಅನ್ನೋ ಬೈಬಲ್ ಕಥೆಗೆ ಸಿನಾಯ್ ಮರಳಲ್ಲಿ ಕುರುಹು ಸಿಕ್ಕಿಲ್ಲ.

ಕನ್ನಡದ ಮೇಲಿನ ಪ್ರಭಾವದ ವಿಷಯದಲ್ಲಿ ಮಾತ್ರ ಜಗಳ ಸುಮ್ನೆ. ಬೈಬಲ್ ಹಿಡಿದು ಬಂದ ಮಿಷನ್‌ನವರೇ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. 1894ರಲ್ಲಿ ಅದೇ ಮಿಷನ್‌ನ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಹಳಗನ್ನಡ ಓದುವಾಗ ನಾನು ಈಗಲೂ ಮೊದಲು ತೆಗೆಯೋದು ಅದನ್ನೇ.